ಶಿವವ್ವ ಕೇಳಿದ ಪಾಲು

ಪಾಲಿನ ಮಾತು ಎತ್ತಿದವಳು ಶಿವವ್ವನೇ. ಮಗ ಈಶ್ವರನಾಗಲಿ, ಬನಹಟ್ಟಿಗೆ ಕೊಟ್ಟ ಮಗಳು ವೈಶಾಲಿಯಾಗಲಿ ಅದರ ಬಗ್ಗೆ ಬಾಯಿ ಬಿಟ್ಟವರಲ್ಲ. ಆದರೆ ಹೋಳಿ ಹುಣ್ಣಿಮೆ ಮುಗಿದ ಮೇಲೆ ಮುದುಕಿಗೆ ಒಮ್ಮೆ ಎದೆ ಹಿಡಿದುಕೊಂಡಿತು. ಮುಧೋಳದ ಡಾಕ್ಟರು ಗುಳಿಗೆ ಕೊಟ್ಟು, ಇನ್ನು ಬಗ್ಗಿ ಏಳುವ ಕೆಲಸ ಸಾಕು ಎಂದರು. ಗುಳಿಗೆ ನುಂಗಿದಳೋ ಹಿತ್ತಲಿಗೆ ಎಸೆದಳೋ ಆ ಶಿವನೇ ಬಲ್ಲ. ಮನೆಗೆ ಬಂದವಳೇ, ಧರೆಪ್ಪನನ್ನು ಕರೆಸು ಎಂದು ಮಗನಿಗೆ ಹೇಳಿದಳು. ಧರೆಪ್ಪ ಹಳೆಯ ಊರಿನವನು, ಅವಳ ಗಂಡನ ಗೆಳೆಯ. ಆ ಊರಿನ ಯಾರ ಮನೆಯಲ್ಲಿ ಪಾಲಾದರೂ ನಡುವೆ ಕೂಡುವ ಹಿರಿಯ ಅವನೇ.

ಹಳೆಯ ಊರು ಈಗಿಲ್ಲ. ಬೀಳಗಿ ಕಡೆ ಕೃಷ್ಣೆಯ ದಂಡೆಯ ಮೇಲಿತ್ತು. ಆಲಮಟ್ಟಿಯ ಹಿನ್ನೀರು ಅದನ್ನು ನುಂಗಿ ಇಪ್ಪತ್ತು ವರ್ಷದ ಮೇಲಾಯಿತು. ಪರಿಹಾರ ಬಂದಾಗ ಮುಧೋಳದ ಹತ್ತಿರ ಹೊಲ ಕೊಂಡು, ಅಲ್ಲೇ ತೋಟದ ಮನೆ ಕಟ್ಟಿಕೊಂಡರು. ಹೊಲಕ್ಕೇನು ಕೊರತೆಯಿಲ್ಲ. ಕಬ್ಬು ಆಳು ಮುಳುಗುವಷ್ಟು ಬೆಳೆಯುತ್ತದೆ, ಸೊಸೆ ಬನಶಂಕರಿ ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ ಬಡಿದು ಹಾಕುತ್ತಾಳೆ. ಶಿವವ್ವ ಮಾತ್ರ ಅದನ್ನು ಇವತ್ತಿಗೂ ‘ಕೊಂಡ ಹೊಲ’ ಎನ್ನುತ್ತಾಳೆ. ‘ನಮ್ಮ ಹೊಲ’ ಎಂದು ಅವಳ ಬಾಯಲ್ಲಿ ಬಂದರೆ ಅದು ನೀರಿನಡಿ ಇರುವ ಹೊಲ.

ಯಾಕೆಂದರೆ ಶಿದ್ರಾಮಪ್ಪ ಅಲ್ಲಿದ್ದಾನೆ. ಊರು ಬಿಡುವ ಹಿಂದಿನ ವರ್ಷ ಅವಳ ಗಂಡ ತೀರಿಕೊಂಡ. ಲಿಂಗಾಯತರ ಮನೆ, ಸುಡುವ ಪದ್ಧತಿಯಿಲ್ಲ. ಸ್ವಂತ ಹೊಲದಲ್ಲೇ ಮಣ್ಣು ಕೊಟ್ಟು, ಮೇಲೆ ಕಲ್ಲಿನ ಗದ್ದುಗೆ ಕಟ್ಟಿದರು. ಮಗ್ಗುಲಲ್ಲಿ ಹೆಂಡತಿಗೆಂದು ಜಾಗ ಬಿಟ್ಟರು. ಮರುವರ್ಷ ನೀರು ಬಂತು.

ಬೇಸಿಗೆಗೆ ಹಿನ್ನೀರು ಸರಿದಾಗ ಗದ್ದುಗೆ ಮೇಲೆದ್ದು ಬರುತ್ತದೆ. ಊರವರೆಲ್ಲ ಹೋಗಿ ತಮ್ಮ ತಮ್ಮ ಹಳೆಯ ಹೊಲದ ಮೆಕ್ಕಲಿನಲ್ಲಿ ಬೀಜ ಹಾಕುತ್ತಾರೆ. ಕಾಗದದ ಮೇಲೆ ಅದು ಸರಕಾರದ್ದು, ಆದರೂ ಒಬ್ಬರ ಬದುವಿನೊಳಗೆ ಇನ್ನೊಬ್ಬರು ಕಾಲಿಡುವುದಿಲ್ಲ. ಶಿವವ್ವನಿಗೆ ಬೆಳೆಯ ಗೊಡವೆ ಬೇಡ. ಗದ್ದುಗೆಯ ಕೆಸರು ತೊಳೆದು, ವಿಭೂತಿ ಹಚ್ಚಿ, ಗಂಡನಿಗೆ ಸೇರುತ್ತಿದ್ದ ಎಣಗಾಯಿ ರೊಟ್ಟಿ ಎಡೆ ಹಿಡಿದು, ವರ್ಷದ ಸುದ್ದಿಯನ್ನೆಲ್ಲ ಹೇಳುತ್ತಾಳೆ. ಯಾವ ಎಮ್ಮೆ ಈದಿತು, ಮಗ ಹೇಗೆ ದಪ್ಪಗಾದ, ಬನಶಂಕರಿ ಸಾರಿಗೆ ಉಪ್ಪು ಹೇಗೆ ಸುರಿಯುತ್ತಾಳೆ. ನಡುನಡುವೆ, ತನ್ನನ್ನು ಬಿಟ್ಟು ಮುಂದೆ ಹೋದದ್ದಕ್ಕೆ ಗಂಡನಿಗೂ ನಾಲ್ಕು ಬೈಗುಳ. ಮಳೆಗಾಲದಲ್ಲಿ ನೀರೇರಿದರೆ ಮಾತು ಬಂದ್. ಆಗ ಕಬ್ಬಿನ ನಡುವಿನ ಮನೆಯಲ್ಲಿ ಅವಳು ಅಬ್ಬೇಪಾರಿಯಂತೆ ಕೂತುಬಿಡುತ್ತಾಳೆ. ಇಷ್ಟು ವರ್ಷವಾದರೂ ಗಂಡನ ನೆನಪು ಒಂದಿಷ್ಟೂ ಮುಕ್ಕಾಗಿಲ್ಲ.

ಪಾಲಿನ ದಿನ ಧರೆಪ್ಪ ಬಂದು ಜಮಖಾನೆಯ ಮೇಲೆ ಕೂತ. ಕಬ್ಬಿನ ಹೊಲ ಈಶ್ವರನಿಗೆ, ಬಂಗಾರ ಮತ್ತು ಬೀಳಗಿಯ ಪುನರ್ವಸತಿ ಜಾಗ ವೈಶಾಲಿಗೆ ಎಂದಾಯಿತು. ಯಾರೂ ಕೊಸರಾಡಲಿಲ್ಲ. ಆ ಕಡೆಯ ರೂಢಿಯೆಂದರೆ ಹಿರಿಯರು ತಮಗೊಂದು ಪಾಲು ಇಟ್ಟುಕೊಳ್ಳುತ್ತಾರೆ, ಮಣ್ಣು ಮಾಡಿದವರಿಗೆ ಅದು ಸೇರುತ್ತದೆ. ಧರೆಪ್ಪ ಅದನ್ನು ನೆನಪು ಮಾಡಿ, ನಿನ್ನ ಪಾಲು ಯಾವುದು ತಂಗಿ ಎಂದು ಕೇಳಿದ.

“ನನ್ನ ಪಾಲು ಅವರ ಮಗ್ಗಲದಾಗ ಐತಿ,” ಎಂದಳು ಶಿವವ್ವ. “ಅಲ್ಲೇ ನನಗ ಮಣ್ಣ ಕೊಡ್ರಿ. ಬ್ಯಾರೆ ಏನೂ ಬ್ಯಾಡ.”

ಈಶ್ವರ ತಲೆ ತಗ್ಗಿಸಿಕೊಂಡೇ ಹೇಳಿದ: “ಅವ್ವಾ, ಬ್ಯಾಸಗ್ಯಾಗ ಆದ್ರ ನಾ ಹೆಗಲ ಮ್ಯಾಲೆ ಹೊತಗೊಂಡ ಹೋಗತೇನಿ. ಮಳಿಗಾಲದಾಗ ಆದ್ರ ಏನ್ ಮಾಡ್ಲಿ?”

ಸಾಯಲು ಹೆದರದ ಶಿವವ್ವ ವರ್ಷವರ್ಷವೂ ಶ್ರಾವಣಕ್ಕೆ ಹೆದರುತ್ತಿದ್ದಳು; ಆ ಗುಟ್ಟನ್ನು ಮಗ ಎಲ್ಲರ ಮುಂದೆ ಆಡಿಬಿಟ್ಟಿದ್ದ. ಪಾಲು ಅರ್ಧಕ್ಕೇ ನಿಂತಿತು, ಧರೆಪ್ಪ ಚಹಾ ಕುಡಿದು ಎದ್ದುಹೋದ.

ಅದಾದ ಮೇಲೆ ಅವಳಿಗೆ ಎಲ್ಲದರ ಮೇಲೂ ಸಿಟ್ಟು. ಕಬ್ಬು ಕಡಿದ ಹೊಲದಲ್ಲಿ ಕುಳೆ ಚಿಗುರುವ ಹೊತ್ತು. ಈಶ್ವರ ಬೇವಿನ ಗಿಡದ ಹತ್ತಿರದ ಮೂಲೆಯಲ್ಲಿ ಚಿಗುರಿದ ಕುಳೆಯನ್ನೇ ಅಗೆದು ಹಾಕಿ ನೆಲ ಸಪಾಟು ಮಾಡಿದ. ಅನ್ನ ಕೊಡುವ ಬೆಳೆ ಕೀಳುವ ನಿನಗೆ ಬುದ್ಧಿ ನೆಟ್ಟಗಿದೆಯೇ ಎಂದು ಅವಳು ಬೈದಳು. ಅವನು ಗುದ್ದಲಿ ಹೆಗಲಿಗೇರಿಸಿ ಮನೆ ಕಡೆ ನಡೆದ.

ವೈಶಾಖದಲ್ಲಿ ನೀರು ಸರಿದ ಸುದ್ದಿ ಬಂತು. ವೈಶಾಲಿಯೂ ಬನಹಟ್ಟಿಯಿಂದ ಬಂದಳು, ಎಲ್ಲರೂ ಬಾಡಿಗೆಗೆ ಟಂಟಂ ಗಾಡಿ ಮಾಡಿಕೊಂಡು ಹೋದರು. ಒಡೆದ ಮೆಕ್ಕಲಿನ ಮೇಲೆ ಶಿವವ್ವ ಮಗನ ತೋಳು ಹಿಡಿದು, ನಿಂತು ನಿಂತು ನಡೆದಳು. ಈ ಸಲ ಗದ್ದುಗೆ ತೊಳೆಯಲು ಅವಳಿಗೆ ಕಸುವಿರಲಿಲ್ಲ, ಮಕ್ಕಳೇ ತೊಳೆದರು. ಸುದ್ದಿಯನ್ನೂ ಹೇಳಲಿಲ್ಲ. ಒದ್ದೆ ಕಲ್ಲಿನ ಮೇಲೆ ಕೈಯಿಟ್ಟು, ಮುಂದಿನ ವರ್ಷ ಬರಲಾಗುತ್ತದೋ ಇಲ್ಲವೋ ಎಂದಷ್ಟೇ ಅಂದಳು.

ವೈಶಾಲಿ ಗದ್ದುಗೆಯ ಬುಡದ ಮಣ್ಣನ್ನು ಬೊಗಸೆಯಲ್ಲಿ ತುಂಬಿಕೊಂಡು ಅವಳ ಮುಂದೆ ಬಂದು ನಿಂತಳು. “ಅವ್ವಾ, ಉಡಿ ಒಡ್ಡು.”

ಶಿವವ್ವ ಬೆಪ್ಪಾಗಿ ನೋಡಿದಳು. ಅಕ್ಕಿ, ಕೊಬ್ಬರಿ, ಕುಬಸ ಇಟ್ಟು ಉಡಿ ತುಂಬುವುದು ಮುತ್ತೈದೆಯರಿಗೆ. ಗಂಡ ಹೋದಂದಿನಿಂದ ಆ ಮಾತನ್ನು ಅವಳಿಗೆ ಯಾರೂ ಅಂದಿರಲಿಲ್ಲ. ಹಬ್ಬದಲ್ಲಿ ಉಡಿ ತುಂಬುವ ಹೊತ್ತಿಗೆ ತಾನೇ ಎದ್ದು ಅಡುಗೆಮನೆ ಸೇರುತ್ತಿದ್ದಳು.

“ಹುಚ್ಚಿ, ನನಗೆಲ್ಲಿ ಉಡಿ ಬೇ?”

“ನೀ ಇಲ್ಲಿ ಬರೂದು ಆಗಲಿಲ್ಲಂದ್ರ ಅಪ್ಪನೇ ಅಲ್ಲಿಗೆ ಬರಲಿ,” ಎಂದಳು ವೈಶಾಲಿ. “ಅಣ್ಣ ಬೇವಿನ ಮೂಲ್ಯಾಗ ಇಬ್ಬರಿಗೂ ಜಾಗಾ ಮಾಡ್ಯಾನ.”

ಶಿವವ್ವ ಮಗನ ಕಡೆ ತಿರುಗಿದಳು. ಅಗೆದ ಕುಳೆ, ತಾನು ಬೈದದ್ದು, ಅವನು ಸುಮ್ಮನಿದ್ದದ್ದು ಎಲ್ಲ ಒಮ್ಮೆಲೇ ತಿಳಿಯಿತು. ಈಶ್ವರ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಅವಳು ಸೆರಗು ಬಿಡಿಸಿ ಒಡ್ಡಿದಳು. ಮಗಳು ಬೊಗಸೆ ಬೊಗಸೆಯಾಗಿ ಹಾಕಿದಳು. ಮಣ್ಣು ಇನ್ನೂ ಹಸಿಯಿತ್ತು, ಸೀರೆಯೊಳಗಿಂದ ಹೊಟ್ಟೆಗೆ ತಣ್ಣಗೆ ತಾಗಿತು. ಶಿವವ್ವ ಬಾಯಿಗೆ ಸೆರಗು ಒತ್ತಿಕೊಳ್ಳಲೂ ಆಗದೆ ಗಟ್ಟಿಯಾಗಿ ಅತ್ತಳು.

ಟಂಟಂ ಹತ್ತುವಾಗ ಭಾರವಾಗುತ್ತದೆ ಕೊಡು ಎಂದು ಈಶ್ವರ ಕೈ ಚಾಚಿದ. ಅವಳು ಕೊಡಲಿಲ್ಲ. ಸೆರಗಿನ ಗಂಟನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತು, ತಲೆ ಬಗ್ಗಿಸಿ ಅದಕ್ಕೇ ಹೇಳಿದಳು:

“ನಡೀರಿ, ನಮ್ಮ ಹೊಲಕ್ಕ ಹೋಗೂಣು.”