ಹಾಗಲಕಾಯಿಯ ಎಡೆ

ದುಃಖವು ಮನುಷ್ಯನ ಮಾಂಸವನ್ನು ಕರಗಿಸಿ ಅವನಲ್ಲಿ ಶಾಶ್ವತವಾದದ್ದನ್ನು ಮಾತ್ರ ಉಳಿಸುತ್ತದೆ ಎಂದು ತಿಳಿದವರು ಹೇಳುತ್ತಾರೆ. ನನ್ನ ಹೆಂಡತಿ ತೀರಿಕೊಂಡ ವರ್ಷ ನಾನು ಅಂಗಿಯ ಹೊಲಿಗೆಯನ್ನು ಎರಡು ಸಲ ಬಿಚ್ಚಿಸಿ ಅಗಲ ಮಾಡಿಸಿದೆ.

ಈ ಶಾಶ್ವತವಾದದ್ದನ್ನು ಮೊದಲು ಎತ್ತಿ ತೋರಿಸಿದ್ದು ನನ್ನ ಅತ್ತೆಯ, ಅಂದರೆ ಹೆಂಡತಿಯ ತಾಯಿಯ, ಬಲಗೈ ತೋರುಬೆರಳು. ಹೊತ್ತುಹೊತ್ತಿಗೆ ಹಲ್ಲಿಗೆ ಸುಟ್ಟ ತಂಬಾಕಿನ ಮಿಸರಿ ತಿಕ್ಕಿ ಆ ಬೆರಳು ಅರ್ಧದವರೆಗೆ ಕರ್ರಗಾಗಿತ್ತು. ಉಳಿದ ಮೈಯೆಲ್ಲ ಜೋಳದ ಒಣದಂಟು. ಮೊದಲು ಬೆರಳು ಬರುತ್ತಿತ್ತು, ಅದರ ಹಿಂದೆ ಮಾತು. ಅಳಿಯನಿಗೆ ಬಹುವಚನ ಹಚ್ಚುವ ಪದ್ಧತಿ ಅವಳ ಊರಾದ ಬಬಲೇಶ್ವರದಲ್ಲಿಯೂ ಉಂಟು. ಅತ್ತೆ ಅದನ್ನು ಮದುವೆಯ ದಿನವೇ ಮುಗಿಸಿದ್ದಳು.

ಹೆಂಡತಿ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋದವಳು ಹೆಣ್ಣುಕೂಸನ್ನು ಅತ್ತೆಯ ಉಡಿಯಲ್ಲಿ ಬಿಟ್ಟು ಹೋಗಿಬಿಟ್ಟಳು. ನಾನು ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಬೆಲ್ಲದ ಅಂಗಡಿಯ ಗುಮಾಸ್ತ. ಯುದ್ಧದ ಕಾಲದಲ್ಲಿ ಊರಿಗೆಲ್ಲ ಬೆಲ್ಲದ ಬರ, ನನಗೆ ಮಾತ್ರ ಇರಲಿಲ್ಲ. ಇದು ನನ್ನ ದುಃಖಕ್ಕೆ ಬಹಳ ಅನುಕೂಲವಾಯಿತು.

ಸತ್ತವರಿಗೆ ಅಮವಾಸ್ಯೆಗೊಮ್ಮೆ ಎಡೆ ಹಿಡಿಯುವುದು ಲೋಕರೂಢಿ. ನಾನು ದಿನದ ಎರಡೂ ಊಟಕ್ಕೆ ಹಿಡಿದೆ. ಮಣೆಯ ಮೇಲೆ ಅವಳ ಇಳಕಲ್ಲ ಸೀರೆಯ ಮಡಿಕೆ, ಅದರ ಮುಂದೆ ಅವಳ ಊಟದ ಗಂಗಾಳ, ಎದುರಿಗೆ ನನ್ನದು. ಎಡೆಯನ್ನು ಚೆಲ್ಲಬಾರದು, ಹೊರಗಿನವರಿಗೆ ಕೊಡಬಾರದು, ಮನೆಯವರೇ ಉಣ್ಣಬೇಕು. ಮನೆಯವರು ಎಂದರೆ ನಾನೊಬ್ಬ. ಹಾಗಾಗಿ ಎರಡೂ ನನ್ನ ಪಾಲಿಗೆ ಬಂದವು. ಬರಬರುತ್ತ ನಾನು ಇನ್ನೊಂದು ಸೌಟು ಬಡಿಸಿಕೊಂಡಾಗ ಅವಳಿಗೂ ಬಡಿಸುವುದು ನ್ಯಾಯವೆನಿಸಿತು. ಹಸಿವೆಯೇನೂ ಇರುತ್ತಿರಲಿಲ್ಲ. ಉಣ್ಣುತ್ತಿರುವವರೆಗೆ ಮನೆಯಲ್ಲಿ ಎರಡು ಗಂಗಾಳದ ಸಪ್ಪಳವಿರುತ್ತಿತ್ತು, ಅಷ್ಟೇ.

ಎಡೆಗೆ ಹೋದವರ ಇಷ್ಟದ ಪದಾರ್ಥ ಇಡಬೇಕು. ನಾನು ಬೆಲ್ಲದ ಗೋದಿ ಹುಗ್ಗಿ ಇಡುತ್ತಿದ್ದೆ. ಗಂಡ ಉಂಡೆದ್ದ ಮೇಲೆ ಹೆಂಡತಿ ಒಳಗೆ ಕೂತು ಉಣ್ಣುವ ಮನೆತನ ನಮ್ಮದು. ಮೂರು ವರ್ಷದ ಸಂಸಾರದಲ್ಲಿ ಅವಳು ಉಂಡದ್ದನ್ನು ನಾನು ಕಂಡವನಲ್ಲ. ಆದರೆ ಆಗಾಗ ಹುಗ್ಗಿ ಮಾಡುತ್ತಿದ್ದಳು. ಇಷ್ಟವಿಲ್ಲದೆ ಮಾಡುತ್ತಾಳೆಯೇ ಎಂಬುದು ನನ್ನ ತರ್ಕ.

ವರ್ಷ ತುಂಬುವ ಹೊತ್ತಿಗೆ ಅಂಗಡಿಯ ಅಟ್ಟ ಹತ್ತಿದರೆ ಕಣ್ಣು ಕತ್ತಲೆಗೂಡುತ್ತಿತ್ತು. ಊರಿನ ಡಾಕ್ಟರು ಕೆಂಪು ಮಿಕ್ಸ್ಚರ್ ಕೊಟ್ಟು, ಹೀಗೇ ನಡೆದರೆ ಎದೆ ನಿಲ್ಲುತ್ತದೆ ಎಂದರು. ತಿಕೋಟದ ವೈದ್ಯರು ಚೂರ್ಣ ಕೊಟ್ಟು ಬೆಲ್ಲದಲ್ಲಿ ಕಲಸಿ ತಿನ್ನಲು ಹೇಳಿದರು. ಬೆಲ್ಲದ ಅಳತೆ ಹೇಳಿರಲಿಲ್ಲ.

ಸುದ್ದಿ ಬಬಲೇಶ್ವರ ಮುಟ್ಟಿತು. ಇದ್ದಿಲು ಉರಿಸಿ ಓಡುವ ಬಸ್ಸಿನಲ್ಲಿ ಮಸಿ ಬಳಿದುಕೊಂಡು ಅತ್ತೆ ಒಬ್ಬಳೇ ಬಂದು ಇಳಿದಳು. ನಾನು ಊಟಕ್ಕೆ ಕೂತಿದ್ದೆ. ಬೆರಳು ಸೀದಾ ನನ್ನ ಹೊಟ್ಟೆಗೆ ಬಂತು.

"ಎಷ್ಟನೇ ತಿಂಗಳೋ?"

ನಾನು ಗಂಗಾಳವನ್ನು ಹೊಟ್ಟೆಗೆ ಅಡ್ಡವಾಗಿ ಎಳೆದುಕೊಂಡೆ.

"ನನ್ನ ಮಗಳು ದಿನಾ ತುಂಬಿದಾಗೂ ಹಿಂಗ ಕಾಣಿಸ್ಲಿಲ್ಲಲೇ. ಇದ್ಯಾರದು, ಎರಡನೇ ಗಂಗಾಳ?"

"ಅಕಿ ಎಡಿ, ಅತ್ತಿ."

"ಏನಿಟ್ಟೀ?"

"ಹುಗ್ಗಿ. ಅಕಿಗೆ ಭಾಳ ಸೇರ್ತಿತ್ತು."

ಅತ್ತೆ ಗೋಡೆಗೆ ಒರಗಿ ಸ್ವಲ್ಪ ಹೊತ್ತು ಸೀರೆಯ ಮಡಿಕೆಯನ್ನು ನೋಡಿದಳು. ಆಮೇಲೆ ನಕ್ಕಳು.

"ಹುಗ್ಗಿ ಅಂದ್ರ ವಾಕರಿಸ್ತಿದ್ದಳಪಾ ಅಕಿ. ನಿನಗ ಬೇಕಂತ ಮಾಡ್ತಿದ್ದಳು. ಅಕಿ ತಿಂತಿದ್ದದ್ದು ಹಾಗಲಕಾಯಿ. ವರ್ಷಾತು, ನನ್ನ ಮಗಳು ನಿನ್ನ ಮನ್ಯಾಗ ಉಪಾಸ ಕುಂತಾಳ. ಅಕಿ ಹೆಸರೀಲೆ ನಿನ್ನ ಹೊಟ್ಟಿಗೆ ಎಡಿ ಹಿಡದೀ!"

ಇಂಥ ಮಾತಿಗೆ ಉತ್ತರ ಮಿಕ್ಸ್ಚರಿನಲ್ಲಿಯೂ ಇಲ್ಲ, ಚೂರ್ಣದಲ್ಲಿಯೂ ಇಲ್ಲ. ನಾನು ಬೇರೆ ದಾರಿ ಹಿಡಿದು ಕೂಸನ್ನು ಕೇಳಿದೆ. ಕೂಸು ಮನೆಯಲ್ಲಿದ್ದರೆ ಎಲ್ಲ ಸರಿಹೋದೀತು ಎಂದೆ.

"ಕೂಸಿನ್ನ ಕೊಟ್ರ ಅದಕ್ಕೂ ಬೆಲ್ಲಾ ಹಚ್ಚಿ ತಿಂದೀ. ಒಂದ ಗಂಗಾಳ ಉಂಡು ಕೈ ತೊಳಕೊಳ್ಳೂದು ಕಲಿ. ಆಮ್ಯಾಲ ಕೂಸಿನ ಮಾತು."

ಮರುದಿನ ಅವಳೇ ಹಾಗಲಕಾಯಿ ಪಲ್ಯ ಮಾಡಿದಳು. ಹುಣಸೆಯಿಲ್ಲ, ಬೆಲ್ಲವಿಲ್ಲ, ಉಪ್ಪು ಕೂಡ ಜಿಪುಣತನದಲ್ಲಿ. ಮಗಳ ಗಂಗಾಳಕ್ಕೆ ಬಡಿಸಿ, ಸೀರೆಯ ಮುಂದೆ ಇಟ್ಟು, ಕೈಮುಗಿದು, ನನ್ನ ಕಡೆ ತಳ್ಳಿದಳು. ಎಡೆ ಚೆಲ್ಲುವಂತಿಲ್ಲವಲ್ಲ. ಮೊದಲ ತುತ್ತು ಬಾಯಿಗಿಟ್ಟೆ. ಹೆಂಡತಿಯನ್ನು ಮಣ್ಣು ಮಾಡಿದ ದಿನ ಬಾರದ ಅಳು ಆ ಪಲ್ಯದ ಮುಂದೆ ಬಂತು, ಬಂದದ್ದು ನಿಲ್ಲಲಿಲ್ಲ.

"ಭಾಳ ಕಹಿ ಐತಿ, ಅತ್ತಿ," ಎಂದೆ.

"ಹೂಂ. ಕಹಿ ಐತಿ," ಎಂದು ಅವಳು ಮಿಸರಿಯ ಡಬ್ಬಿ ತೆಗೆದು ಬಾಗಿಲ ಕಡೆ ಮುಖ ಮಾಡಿ ಕೂತಳು. ಅತ್ತೆ ನನ್ನ ಮೇಲೆ ತೋರಿಸಿದ ಕರುಣೆ ಇಷ್ಟೇ.

ಅಂದಿನಿಂದ ಎಡೆಗೆ ಹಾಗಲಕಾಯಿಯೇ. ಮೊದಮೊದಲು ಹಳೆಯ ಹಟದಿಂದ ಗಂಗಾಳ ತುಂಬ ಇಟ್ಟೆ; ತುಂಬ ಇಟ್ಟದ್ದನ್ನು ತುಂಬ ತಿನ್ನಬೇಕಾಯಿತು. ಆಮೇಲೆ ಸೌಟು ಚಿಕ್ಕದಾಯಿತು, ಚಮಚವಾಯಿತು, ಕಡೆಗೆ ಅಮವಾಸ್ಯೆಗಷ್ಟೇ ಉಳಿಯಿತು. ಅಂಗಡಿಯಲ್ಲಿ ಬೆಲ್ಲದ ಪೆಂಟೆ ಒಡೆಯುವಾಗ ಕೈ ಬಾಯಿಗೆ ಹೋದರೆ, ಉಪವಾಸ ಕೂತವಳು ಕಣ್ಣಿಗೆ ಬರುತ್ತಿದ್ದಳು. ಸಂಜೆ ಎರಡನೆಯ ಗಂಗಾಳದ ಸಪ್ಪಳವಿಲ್ಲದ ಮನೆಯಲ್ಲಿ ಸುಮ್ಮನೆ ಕೂತು ಅಳುವುದನ್ನು ಅಭ್ಯಾಸ ಮಾಡಿದೆ. ಅದು ಉಣ್ಣುವುದಕ್ಕಿಂತ ಅಗ್ಗ. ಅಂಗಿಗಳು ಮತ್ತೆ ದರ್ಜಿಯ ಬಳಿ ಹೋದವು. ಡಾಕ್ಟರು ನನ್ನನ್ನು ದಾರಿಯಲ್ಲಿ ನಿಲ್ಲಿಸಿ, ಕೆಂಪು ಮಿಕ್ಸ್ಚರ್ ನಿಧಾನವಾಗಿ ಕೆಲಸ ಮಾಡುವ ಔಷಧಿಯೆಂದು ವಿವರಿಸಿದರು. ನಾನು ಅಲ್ಲವೆನ್ನಲಿಲ್ಲ.

ಮರುವರ್ಷ ಬಬಲೇಶ್ವರಕ್ಕೆ ಕರೆ ಬಂತು. ಅತ್ತೆ ಒಂದು ಬೋಗುಣಿ ಹುಗ್ಗಿಯನ್ನು ತುಪ್ಪ ಹಾಕಿ ನನ್ನ ಮುಂದಿಟ್ಟು, ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ಎದುರಿಗೆ ಕೂತಳು. ಒಂದು ಸೌಟು ಬಡಿಸಿಕೊಂಡು ಉಂಡೆ, ಕೈ ತೊಳೆದೆ.

"ಒಯ್ಯಿ," ಎಂದಳು ಕೂಸನ್ನು ಎತ್ತಿಕೊಟ್ಟು. "ನಿನ್ನ ಮೊದಲಿನ ಹೊಟ್ಟಿಗಿಂತ ಹಗೂರ ಐತಿ, ಹೊರಾಕ ತ್ರಾಸ ಆಗಂಗಿಲ್ಲ."

ಎರಡು ಚಳಿಗಾಲ ಕಳೆದು ಅತ್ತೆ ಜ್ವರದಲ್ಲಿ ಮಲಗಿದಳು. ಮಗಳನ್ನು ಕರೆದುಕೊಂಡು ಹೋದೆ. ಬೆರಳು ಹೊದ್ದ ಕೌದಿಯಿಂದ ಹೊರಗೆ ಬಂತು, ಕರ್ರಗಿತ್ತು, ಎತ್ತುವ ಬಲವಿರಲಿಲ್ಲ.

"ಇನ್ನ ಮುಂದ ಅಕಿ ಎಡಿಗೆ ಹುಗ್ಗಿ ಇಡು," ಎಂದಳು.

"ಅಕಿಗೆ ವಾಕರಿಕಿ ಬರ್ತಿತ್ತಲ್ಲ ಅತ್ತಿ?"

"ಹಾಗಲಕಾಯಿ ಕಂಡ್ರ ಎದ್ದು ಓಡ್ತಿದ್ದಳು. ಹುಗ್ಗಿ ಅಂದ್ರ ಜೀವಾ ಬಿಡ್ತಿದ್ದಳು. ನಿನಗ ಹೆಂಗ ಗೊತ್ತಾಗಬೇಕು, ಅಕಿ ಉಂಡದ್ದು ನೀ ಯಾವತ್ತರ ನೋಡೀಯೇನು?"

ನಾನು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡೆ.

"ನೀ ಸತ್ತಿದ್ರ ನನಗೇನು ದುಃಖ ಇರ್ಲಿಲ್ಲ ಬಿಡು," ಎಂದಳು. "ಕೂಸಿಗೆ ಅಪ್ಪ ಬೇಕಾಗಿದ್ದ. ಅದಕ್ಕ ಇಷ್ಟ ದಿನ ನನ್ನ ಮಗಳಿಗೆ ಕಹಿ ತಿನಿಸಿದೆ." ಗೋಡೆಯ ಕಡೆ ಹೊರಳಿದಳು. ಮತ್ತೆ ಈ ಕಡೆ ಹೊರಳಲಿಲ್ಲ.

ಅತ್ತೆ ತೀರಿದ ಮೇಲಿನ ಅಮವಾಸ್ಯೆಗೆ ಹುಗ್ಗಿ ಮಾಡಿ ಎರಡು ಎಡೆ ಹಿಡಿದೆ. ಅತ್ತೆಗೆ ಏನು ಇಷ್ಟವಿತ್ತೆಂದು ನಾನು ಕೇಳಿರಲಿಲ್ಲ. ಒಂದೊಂದು ಎಡೆಯಲ್ಲಿ ಒಂದೊಂದು ತುತ್ತು ತಿಂದು ಕೈ ತೊಳೆದೆ. ಉಳಿದದ್ದನ್ನು ಮಗಳು ಉಂಡಳು.