ಅತ್ತೆಯ ಎದುರಿಗೆ ಆಡಿದ ಬಣ್ಣದ ಇಂಗ್ಲಿಷು

ಹಿರಿಯರ ಎದುರಿಗೆ ಗುಟ್ಟು ಮಾತಾಡಲು ಒಂದೊಂದು ಮನೆಯಲ್ಲಿ ಒಂದೊಂದು ಉಪಾಯ. ವಿಜಯಪುರದ ನನ್ನ ತವರಿನಲ್ಲಿ ಅಪ್ಪ ಅವ್ವ ಮರಾಠಿಗೆ ಹೊರಳುತ್ತಿದ್ದರು. ಹೈದರಾಬಾದಿಗೆ ಮದುವೆಯಾಗಿ ಬಂದ ಮೇಲೆ ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ ಆ ಆಟ ನಡೆಯುವಂತಿರಲಿಲ್ಲ. ನನ್ನ ಅತ್ತೆಗೆ ಕನ್ನಡ, ಮರಾಠಿ, ತೆಲುಗು, ಹಿಂದಿ ನಾಲ್ಕೂ ಬರುತ್ತಿದ್ದವು. ರೈಲ್ವೆ ನೌಕರನ ಹೆಂಡತಿಯಾಗಿ, ಆಮೇಲೆ ರೈಲ್ವೆ ನೌಕರನ ತಾಯಿಯಾಗಿ ಬಾಳಿದವರು. ಲೀವ್, ಪೆನ್ಶನ್, ಟ್ರಾನ್ಸ್‌ಫರ್, ಪ್ರಾಬ್ಲಮ್ ಎಲ್ಲ ಅವರ ಬಾಯಲ್ಲೇ ಓಡಾಡುತ್ತಿದ್ದವು. ಸಾದಾ ಇಂಗ್ಲಿಷಿನಲ್ಲಿ ಏನು ಹೇಳಿದರೂ ಅರ್ಧ ಸೋರಿಹೋಗುತ್ತಿತ್ತು.

ಅದಕ್ಕೆ ನಾನು ಬಣ್ಣಗಳನ್ನು ಹಿಡಿದುಕೊಂಡೆ. ನನ್ನ ಕಸುಬೇ ಇಂಗ್ಲಿಷು. ಬೆಳಿಗ್ಗೆ ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಕಲಿಸುತ್ತೇನೆ, ಸಂಜೆ ಮನೆಯಲ್ಲಿ ಟ್ಯೂಶನ್. ಇಂಗ್ಲಿಷಿನಲ್ಲಿ ಬಣ್ಣದ ಹೆಸರು ಹೇಳಿ ಬೇರೇನನ್ನೋ ಅನ್ನುವ ಮಾತುಗಳು ಬೇಕಾದಷ್ಟಿವೆ. ಅತ್ತೆಗೆ ಸಿಟ್ಟು ನೆತ್ತಿಗೇರಿದರೆ ಗಂಡನಿಗೆ ‘ಶಿ ಈಸ್ ಸೀಯಿಂಗ್ ರೆಡ್’ ಅನ್ನುತ್ತಿದ್ದೆ. ಸೊಲ್ಲಾಪುರದ ನಾದಿನಿ ಅಪರೂಪಕ್ಕೆ ಫೋನ್ ಮಾಡಿದರೆ ‘ವನ್ಸ್ ಇನ್ ಎ ಬ್ಲೂ ಮೂನ್’. ನೆರೆಮನೆಯವರ ಹೊಸ ಫ್ರಿಜ್ ಕಂಡು ಅತ್ತೆಯ ಮುಖ ಸಣ್ಣದಾದರೆ ‘ಗ್ರೀನ್ ವಿತ್ ಎನ್ವಿ’. ಹೊಟ್ಟೆಕಿಚ್ಚಿಗೆ ಅಲ್ಲಿ ಹಸಿರು ಬಣ್ಣ. ರೆಡ್ಡೂ ಬ್ಲೂವೂ ಅತ್ತೆಗೆ ಗೊತ್ತಿದ್ದವು, ಆದರೆ ಅಷ್ಟರಿಂದ ಅರ್ಥವೇನೂ ಹೊರಡುತ್ತಿರಲಿಲ್ಲ. ಒಮ್ಮೆ, “ಯಾವ ಸೀರಿ ಬಗ್ಗೆ ಮಾತಾಡಾಕತ್ತೀರಿ?” ಎಂದು ಕೇಳಿದ್ದರು. ನಾವಿಬ್ಬರೂ ನಕ್ಕೆವು. ಈಗ ನೆನೆದರೆ ಆ ನಗುವಿನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

ನನಗೆ ಬೇಕಾಗಿದ್ದದ್ದು ಅವರ ಕೋಣೆ. ಟ್ಯೂಶನ್ನಿಗೆ ಮಕ್ಕಳು ಹೆಚ್ಚಾಗಿದ್ದರು, ನಮ್ಮ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತೆಯನ್ನು ಸೊಲ್ಲಾಪುರಕ್ಕೆ, ಮಗಳ ಮನೆಗೆ, ಕಾಯಂ ಆಗಿ ಕಳಿಸುವ ಮಾತು ನಮ್ಮಿಬ್ಬರಲ್ಲಿ ನಡೆದಿತ್ತು. ಮುಖಕ್ಕೆ ಮುಖ ಕೊಟ್ಟು ಹೇಳುವ ಧೈರ್ಯ ಗಂಡನಿಗಿರಲಿಲ್ಲ, ನನಗೂ ಇರಲಿಲ್ಲ. ಒಂದು ದಿನ ಚಹಾ ಕುಡಿಯುವಾಗ, ಅವರು ಎದುರಿಗೆ ಕೂತಿರುವಂತೆಯೇ, ಗಂಡನಿಗೆ ಕೇಳಿದೆ: “ಹೌ ಲಾಂಗ್, ದಿಸ್ ವೈಟ್ ಎಲಿಫೆಂಟ್?”

ಅಂದ ಮರುಕ್ಷಣ ನಾಲಿಗೆ ಕಚ್ಚಿಕೊಂಡೆ. ಖರ್ಚಿಗೆ ಮಾತ್ರ ಇದ್ದು ಕೆಲಸಕ್ಕೆ ಬಾರದ್ದಕ್ಕೆ ಕನ್ನಡದಲ್ಲೂ ಬಿಳಿಯಾನೆ ಅಂತಲೇ ಅನ್ನುತ್ತೇವಲ್ಲ! ವೈಟೂ ಎಲಿಫೆಂಟೂ ಯಾರಿಗೆ ಗೊತ್ತಿಲ್ಲ? ಅತ್ತೆ ಬಿಸ್ಕೀಟನ್ನು ಬಸಿಯ ಚಹಾದಲ್ಲಿ ಅದ್ದುತ್ತಿದ್ದರು. ತಲೆ ಎತ್ತಲಿಲ್ಲ. “ಚಹಾಕ್ಕ ಸಕ್ಕರಿ ಕಡಿಮಿ ಆಗೈತಿ” ಎಂದರು ಅಷ್ಟೆ.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಅವರು ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾರೆ, ಮಾತಾಡಿದರೆ ಯಾಕೆ ಇಷ್ಟು ಮಾತು. ನಾವು ಇಂಗ್ಲಿಷಿಗೆ ಹೊರಳಿದ ಕೂಡಲೇ ಅವರ ಕೈ ನಿಧಾನವಾಗುತ್ತಿತ್ತೇ, ಅಥವಾ ನನಗೆ ಹಾಗೆ ಕಾಣುತ್ತಿತ್ತೇ? ಗಂಡನಿಗೆ ಹೇಳಿದರೆ ನಕ್ಕರು. “ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡಂಗಾತು ನಿಂದು. ನಮ್ಮವ್ವಗ ಎಲ್ಲಿ ಇಂಗ್ಲಿಷ್?” ಎಂದರು. ಇವರೇ ತಾಯಿಗೆ ಬಾಯಿಬಿಟ್ಟಿರಬಹುದೇ ಎಂಬ ಸಂಶಯವೂ ಆಗ ಹುಟ್ಟಿತು. ಅತ್ತೆ ಸ್ನಾನಕ್ಕೆ ಹೋದಾಗ ಅವರ ಫೋನು ತೆಗೆದು ನೋಡಿದೆ. ಭಜನೆಯ ವಿಡಿಯೋ, ಮಂಡಿನೋವಿನ ಮನೆಮದ್ದು. ಬೇರೇನೂ ಸಿಗಲಿಲ್ಲ.

ಕೊನೆಗೆ ಒಂದು ಪರೀಕ್ಷೆ ಹೂಡಿದೆ. ಮಧ್ಯಾಹ್ನ ಅವರು ಬೆಳ್ಳುಳ್ಳಿ ಸುಲಿಯುತ್ತಿದ್ದಾಗ ಗಂಡನಿಗೆ ಗಟ್ಟಿಯಾಗಿ, “ಲೆಟ್ ಅಸ್ ಪೇಂಟ್ ದ ಟೌನ್ ರೆಡ್ ಟುಡೇ” ಎಂದೆ. ಊರಿಗೆಲ್ಲ ಕೆಂಪು ಬಳಿಯುವುದೆಂದರೆ ಹೊರಗೆ ಹೋಗಿ ತಿಂದುಂಡು ಮಜಾ ಮಾಡಿ ಬರುವುದು. ನಾವು ಎಲ್ಲಿಗೂ ಹೋಗುವವರಿರಲಿಲ್ಲ. ಸಂಜೆ ಊಟಕ್ಕೆ ಕೂತು, ಅತ್ತೆ ರೊಟ್ಟಿ ಮಾಡಿಟ್ಟ ಬುಟ್ಟಿಯ ಬಟ್ಟೆ ಸರಿಸಿದರೆ ಎರಡೇ ಎರಡು ರೊಟ್ಟಿ. ಅವರೊಬ್ಬರ ಪಾಲಿನವು.

“ಹಿಟ್ಟು ತೀರಿತ್ತವ್ವಾ” ಎಂದರು ಅತ್ತೆ.

ಅವರು ಕೈತೊಳೆಯಲು ಎದ್ದಾಗ ಡಬ್ಬಿ ತೆಗೆದೆ. ಜೋಳದ ಹಿಟ್ಟು ಕಂಠಮಟ್ಟ ಇತ್ತು. ಗಂಡನನ್ನು ಕರೆದು ತೋರಿಸಿದೆ. ಅವರ ನಗು ಅಲ್ಲಿಗೆ ನಿಂತಿತು.

ಕಲಿಸಿದವರು ಯಾರು ಎಂಬುದು ಗೊತ್ತಾದದ್ದು ಎರಡು ದಿನದ ಮೇಲೆ, ಟ್ಯೂಶನ್ ಹೊತ್ತಿಗೆ. ಬೋರ್ಡಿನ ಮೇಲೆ ಅದೇ ಬಣ್ಣಗಳ ಪಾಠ ಬರೆದಿದ್ದೆ. ಇಲ್ಲಿನ ಮಕ್ಕಳಿಗೆ ಒಂದು ಸಲ ತೆಲುಗಿನಲ್ಲಿ, ಒಂದು ಸಲ ಹಿಂದಿಯಲ್ಲಿ ಬಿಡಿಸಿ ಹೇಳಬೇಕು, ಹೇಳುತ್ತಿದ್ದೆ. ಹಾಲ್‌ನ ಮೂಲೆಯಲ್ಲಿ ಅತ್ತೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಸೀಯಿಂಗ್ ರೆಡ್ ಎಂದರೇನೆಂದು ನಾನು ತೆಲುಗಿನಲ್ಲಿ ಹೇಳುವಾಗ ಅವರ ಕೈ ನಿಂತಿತು. ಹೇಳಿ ಮುಗಿಸಿದೆ, ಮತ್ತೆ ಆಡಿತು. ವರ್ಷವರ್ಷವೂ, ಒಂದೊಂದು ಬ್ಯಾಚಿಗೂ, ಅವರು ಅಲ್ಲೇ ಕೂತಿದ್ದರು. ಅವರಿಗೆ ಬರುವ ಎರಡು ಭಾಷೆಗಳಲ್ಲಿ, ಉದಾಹರಣೆ ಸಮೇತ, ನಾನೇ ಕೂಗಿ ಕೂಗಿ ಕಲಿಸಿದ್ದೆ. ಅವರು ಅಲ್ಲಿರುವುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಕಪಾಟು ಇದ್ದ ಹಾಗೆ ಇದ್ದರು ನನ್ನ ಪಾಲಿಗೆ.

ಆದರೆ ಆಗ ನನಗಾದದ್ದು ನಾಚಿಕೆಯಲ್ಲ, ಭಯ. ಸೊಲ್ಲಾಪುರಕ್ಕೆ ಕರೆಸಿಕೋ ಎಂದು ಗಂಡ ಆಗಲೇ ತಂಗಿಗೆ ಹೇಳಿಯಾಗಿತ್ತು. ನಾದಿನಿಯ ಬಾಯಿ ದೊಡ್ಡದು. ಅತ್ತೆ ಒಂದು ಮಾತು ಆಡಿದರೆ ಸಾಕು, ಬೀಗರು ನೆಂಟರು ಎಲ್ಲರ ಮುಂದೆ ನನ್ನ ಮರ್ಯಾದೆ ಮೂರು ಕಾಸಿಗೆ. ಇಷ್ಟು ದಿನ ಎಲ್ಲ ಕೂಡಿಟ್ಟುಕೊಂಡದ್ದು ಅದಕ್ಕೇ ಇರಬೇಕು ಎಂದುಕೊಂಡೆ. ಭಾನುವಾರ ನಾದಿನಿಯ ಫೋನ್ ಬಂದಾಗ ನಾನು ಅತ್ತೆಯ ಕೋಣೆಯ ಬಾಗಿಲ ಪರದೆಯ ಹಿಂದೆ ನಿಂತೆ. ಫೋನನ್ನು ಕಿವಿಗೆ ಹಿಡಿಯುವ ರೂಢಿ ಅತ್ತೆಗಿಲ್ಲ, ಸ್ಪೀಕರಿನಲ್ಲೇ ಮಾತು.

“ಯವ್ವಾ, ಖರೇ ಹೇಳು. ಅಣ್ಣ ಒಮ್ಮಿಂದೊಮ್ಮೆಲೆ ನಿನ್ನ ಕರಕೊಂಡು ಹೋಗು ಅನ್ನಾಕತ್ತಾನ. ಆಕಿ ನಿನಗ ಏನರ ಅಂದಾಳೇನು?”

ಪರದೆಯ ಅಂಚು ನನ್ನ ಮುಷ್ಟಿಯಲ್ಲಿತ್ತು.

“ಏನೂ ಅಂದಿಲ್ಲವ್ವಾ,” ಎಂದರು. “ಮಗಳಿಗಿಂತ ಹೆಚ್ಚ ನೋಡ್ಕೊಂಡಾಳ. ನನಗ ನಿನ್ನ ಮಕ್ಕಳ ಜೋಡಿ ಇರಬೇಕು ಅನಸೈತಿ, ಅದಕ್ಕ ನಾನ ಕೇಳೀನಿ.”

ಅವರು ಏನೂ ಕೇಳಿರಲಿಲ್ಲ. ಸೊಲ್ಲಾಪುರದ ಮಾತನ್ನು ಅವರಿಗೆ ಕನ್ನಡದಲ್ಲಿ ಯಾರೂ ಇನ್ನೂ ಹೇಳಿಯೇ ಇರಲಿಲ್ಲ.

ಫೋನು ಇಟ್ಟು, ನನ್ನ ಕಡೆ ತಿರುಗದೆ, “ಒಳಗ ಬಾ” ಎಂದರು. ಹೋದೆ. ಕಪಾಟಿನಿಂದ ಸೀರೆ ತೆಗೆದು ಚೀಲಕ್ಕೆ ಇಡುತ್ತಿದ್ದರು. “ಮಂದಿ ಮನಸ್ಸು ನೋಯಬಾರದು ಅಂತ ಹೇಳೋ ಸುಳ್ಳಿಗೆ ಏನೋ ಬಣ್ಣ ಹೇಳಿಕೊಡ್ತೀಯಲ್ಲ ಹುಡುಗರಿಗೆ. ಯಾವುದದು?”

“ಬಿಳಿದು, ಅತ್ತಿ.”

“ಹಾಂ. ಬಿಳಿದು.” ಮತ್ತೊಂದು ಸೀರೆ ಮಡಚಿದರು.

ನನಗೆ ಅಳು ತಡೆಯಲಾಗಲಿಲ್ಲ. ಅವರ ಕೈ ಹಿಡಿದುಕೊಂಡೆ. “ತಪ್ಪಾತ್ರಿ ಅತ್ತಿ. ಹೋಗಬ್ಯಾಡ್ರಿ. ನನಗ ಕೋಣಿ ಬ್ಯಾಡ, ಏನೂ ಬ್ಯಾಡ, ಇಲ್ಲೇ ಇರ್ರಿ” ಎಂದೆ. ಖರೆಯಾಗಿಯೇ ಅಂದೆ.

ಅವರು ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ಏನನ್ನೋ ಹುಡುಕುತ್ತಿದ್ದರು, ಸಿಕ್ಕ ಹಾಗೆ ಕಾಣಲಿಲ್ಲ.

“ನಿನ್ನ ಇಂಗ್ಲಿಷ್ ನನಗ ತಿಳೀತೈತಿ,” ಎಂದರು. “ಈ ಕನ್ನಡ ನಂಬಬೇಕೋ ಬ್ಯಾಡೋ, ಅದು ತಿಳೀವಲ್ದು.”