ಮಾರಿಸ್ ಕಾರಿಗೆ ಗಾರ್ಡ್

ಎಂಬತ್ತರ ದಶಕದಲ್ಲಿ ಪೀಣ್ಯದಲ್ಲಿ ನನ್ನದೊಂದು ಪುಟ್ಟ ವೆಲ್ಡಿಂಗ್ ಶೆಡ್ ಇತ್ತು. ಒಂದು ದಿನ ನಾಗಸಂದ್ರದ ರೈತರೊಬ್ಬರು, ಹನುಮಣ್ಣ ಅಂತ, ಹಳೇ ಮಾರಿಸ್ ಕಾರು ತಂದು ನಿಲ್ಲಿಸಿದರು. ಹಿಂದಿನ ಬಂಪರ್ ಸೊಟ್ಟಗಾಗಿತ್ತು.

"ಇದನ್ನ ನೆಟ್ಟಗೆ ಮಾಡಿ, ಮತ್ತೆ ಬಗ್ಗದಂಗೆ ಅದರ ಮೇಲೆ ಎಲ್ಡು ಗಾರ್ಡ್ ಆಕ್ಕೊಡಿ ಸಾರ್. ಅಂಚು ಮಾತ್ರ ಚೂಪಾಗಿರಬಾರ್ದು."

"ಯಾರಿಗಾದ್ರೂ ತಗಲುತ್ತೆ ಅಂತಾನಾ?"

"ನಮ್ಮ ಎತ್ತಿಗೆ. ಕಾರಿಗೆ ಕತ್ತು ಉಜ್ಜೋದು ಅದಕ್ಕೆ ಅಭ್ಯಾಸ ಆಗೋಗಿದೆ. ಬೈದ್ರೂ ಬಿಡಲ್ಲ."

"ಎತ್ತನ್ನ ಬೇರೆ ಕಡೆ ಕಟ್ಟಿ," ಅಂದೆ.

ಅವರಿಗೆ ಬೇಜಾರಾಯ್ತು. "ಆ ಜಾಗ ಮೊದ್ಲಿಂದ್ಲೂ ಅದರದು ಸಾರ್. ಕಾರು ಬಂದಿದ್ದು ಮೊನ್ನೆ."

ಆ ಕಾರಿಗೆ ಹೊಂದುವ ಗಾರ್ಡ್ ಎಲ್ಲೂ ಸಿಗಲಿಲ್ಲ. ಅಂಬಾಸಿಡರ್ ಕಾರಿನದನ್ನೇ ಕತ್ತರಿಸಿ, ಬಾಗಿಸಿ, ಅಂಚು ನುಣ್ಣಗೆ ಉಜ್ಜಿ, ಹೊಸದಾಗಿ ಕ್ರೋಮ್ ಮಾಡಿಸಿ ಬಿಗಿದೆ. ಕುತೂಹಲ ತಡೆಯಲಾರದೆ ಅವರ ಜೊತೆ ಮನೆತನಕ ಹೋದೆ. ಕಾರು ನಿಲ್ಲಿಸಿದ ಕೂಡಲೇ ಅಲ್ಲೇ ಕಟ್ಟಿದ್ದ ಎತ್ತು ಎದ್ದು ಬಂದು ಗಾರ್ಡನ್ನು ಮೂಸಿತು. ಆಮೇಲೆ ಕಣ್ಣು ಮುಚ್ಚಿ ನಿಧಾನವಾಗಿ ಕತ್ತು ಉಜ್ಜತೊಡಗಿತು. ನನ್ನ ಕ್ರೋಮಿನ ಹೊಳಪೆಲ್ಲ ಮಣ್ಣಾಯಿತು, ಆದರೆ ಬಂಪರ್ ಮಿಸುಕಲಿಲ್ಲ.

"ಈಗ ಸರಿಯಾಯ್ತು ನೋಡಿ," ಅಂದರು ಹನುಮಣ್ಣ.

ನನ್ನ ಗಿರಾಕಿಗಳೆಲ್ಲ ತಟ್ಟಿ, ಬಗ್ಗಿ ನೋಡಿ, ನಾಲ್ಕು ಮಾತು ಆಡಿಯೇ ಕೆಲಸ ಒಪ್ಪುತ್ತಿದ್ದರು. ಕಣ್ಣು ಮುಚ್ಚಿಕೊಂಡು ಒಪ್ಪಿದ್ದು ಆ ಎತ್ತೊಂದೇ.